ಹಿಂದಿನ ಗೇಟಿನ ಹಾಜರಿ

೨೦೨೨ರಲ್ಲಿ ನಾನು ಜೋಗೇಶ್ವರಿಯ ಒಂದು ಔಷಧ ಕಂಪನಿಯಲ್ಲಿ ಸೀನಿಯರ್ ನೆಟ್‌ವರ್ಕ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಇಂಜೆಕ್ಷನ್ನಿನ ಬಾಟಲಿ, ಕಣ್ಣಿಗೆ ಹಾಕುವ ಹನಿ ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆ ಅದು. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಧಾರವಾಡ ಬಿಟ್ಟು ಮುಂಬೈಗೆ ಬಂದು ಮೂವತ್ತು ವರ್ಷ ದಾಟಿತ್ತು. ಘಾಟ್ಕೋಪರ್‌ನ ಮನೆಯಿಂದ ಮೆಟ್ರೋದಲ್ಲಿ ಅಂಧೇರಿ, ಅಲ್ಲಿಂದ ಲೋಕಲ್‌ನಲ್ಲಿ ಒಂದೇ ಸ್ಟೇಷನ್. ಕೆಲಸದಲ್ಲಿ ನನಗೆ ಒಳ್ಳೆಯ ಹೆಸರಿತ್ತು. ನನ್ನ ಅಡ್ಡಹೆಸರು ಅಂಗಡಿ; ಅಂಗಡಿಯವರು ನೋಡಿ ಸರಿ ಇದೆ ಅಂದರೆ ಮತ್ತೊಬ್ಬರು ನೋಡಬೇಕಿಲ್ಲ ಎಂದು ಮೇಲಿನವರು ಹೇಳುತ್ತಿದ್ದರು. ಆ ಹೆಸರಿನಿಂದ ಒಬ್ಬ ಹೆಂಗಸಿಗೆ ಆದ ಹಾನಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಂಪ್ಯೂಟರ್ ವ್ಯವಸ್ಥೆಯ ಬಗ್ಗೆ ಸ್ವಲ್ಪ ಹೇಳಬೇಕು. ಕಂಪನಿಯಲ್ಲಿ ಹನ್ನೊಂದು ಹಳೆಯ ಸರ್ವರ್‌ಗಳಿದ್ದವು. ಎರಡು ವರ್ಷ ಹಿಂದೆ ಅವನ್ನೆಲ್ಲ ತೆಗೆದು, ಅವುಗಳ ಕೆಲಸವನ್ನು ಎರಡು ದೊಡ್ಡ ಯಂತ್ರಗಳೊಳಗೆ ವರ್ಚುವಲ್ ಮಶೀನ್‌ಗಳಾಗಿ ಇಳಿಸಿದ್ದೆವು. ವರ್ಚುವಲ್ ಮಶೀನ್ ಎಂದರೆ ಪೆಟ್ಟಿಗೆಯ ರೂಪದಲ್ಲಿ ಕಣ್ಣಿಗೆ ಕಾಣದ, ಆದರೆ ಕಂಪ್ಯೂಟರ್ ಮಾಡುವ ಎಲ್ಲವನ್ನೂ ಮಾಡುವ ಕಂಪ್ಯೂಟರ್. ಇಂಥ ಹತ್ತಾರು ಮಶೀನ್‌ಗಳು ಒಂದೇ ದೊಡ್ಡ ಯಂತ್ರದೊಳಗೆ ಇರುತ್ತವೆ. ಅವನ್ನು ಹೊರಗಿನ ಜಾಲಕ್ಕೆ ಜೋಡಿಸುವ ಸ್ವಿಚ್ ಕೂಡ ಸಾಫ್ಟ್‌ವೇರೇ. ಹೊರಗೆ ಹೋಗುವ ಕೇಬಲ್ ಒಂದೇ ಆದ್ದರಿಂದ, ಲ್ಯಾಬಿನ ಮಾಹಿತಿ, ಗೋಡೌನಿನ ಮಾಹಿತಿ, ಹಾಜರಿಯ ಮಾಹಿತಿ ಒಂದರೊಳಗೊಂದು ಬೆರೆಯದಂತೆ ಪ್ರತಿಯೊಂದಕ್ಕೂ ಒಂದು ಸಂಖ್ಯೆಯ ಗುರುತು ಹಚ್ಚುತ್ತೇವೆ. ಆ ಗುರುತಿಗೆ ಟ್ಯಾಗ್ ಎನ್ನುತ್ತಾರೆ. ಹಾಗೆ ಬೇರೆ ಮಾಡಿದ ಒಂದೊಂದು ಜಾಲಕ್ಕೂ ವಿಲ್ಯಾನ್ ಎಂದು ಹೆಸರು. ನಮ್ಮಲ್ಲಿ ಹಾಜರಿಯ ಜಾಲ ವಿಲ್ಯಾನ್ ೩೦.

ಹಾಜರಿಗೆ ಹೆಬ್ಬೆಟ್ಟು ಒತ್ತುವ ನಾಲ್ಕು ಮಶೀನ್‌ಗಳಿದ್ದವು. ಮುಂದಿನ ಗೇಟಿನಲ್ಲಿ ಎರಡು, ಕ್ಯಾಂಟೀನಿನಲ್ಲಿ ಒಂದು, ಹಿಂದಿನ ಗೇಟಿನಲ್ಲಿ ಒಂದು. ಅಧಿಕಾರಿಗಳು, ಗುಮಾಸ್ತರು, ಕಾಯಂ ಕಾಮಗಾರರು ಮುಂದಿನ ಗೇಟಿನಿಂದ ಬರುತ್ತಿದ್ದರು. ಕಸ ಗುಡಿಸುವವರು, ತೊಳೆಯುವವರು, ಲಾರಿ ತುಂಬುವವರು ಎಲ್ಲ ಕಾಂಟ್ರಾಕ್ಟರನ ಜನ. ಅವರಿಗೆ ಹಿಂದಿನ ಗೇಟು. ಒತ್ತಿದ ಹೆಬ್ಬೆಟ್ಟಿನ ದಾಖಲೆಯನ್ನು ಮಶೀನು ಸರ್ವರಿಗೆ ಕಳಿಸುತ್ತದೆ. ಮುಟ್ಟಿತು ಎಂದು ಸರ್ವರಿನಿಂದ ಉತ್ತರ ಬಂದ ಮೇಲೆ ತನ್ನಲ್ಲಿರುವುದನ್ನು ಅಳಿಸುತ್ತದೆ.

ಆ ವರ್ಷ ಆಗಸ್ಟ್‌ನಲ್ಲಿ ಹಾಜರಿ ಸಾಫ್ಟ್‌ವೇರ್ ಮಾರಿದವರು ಹೊಸ ಆವೃತ್ತಿಯನ್ನು ಪರೀಕ್ಷಿಸಬೇಕು ಎಂದರು. ಹಾಜರಿ ಸರ್ವರಿನ ಒಂದು ತದ್ರೂಪು ಪ್ರತಿಯನ್ನು ಎರಡನೆಯ ಯಂತ್ರದಲ್ಲಿ ಎಬ್ಬಿಸಿದೆ. ವಿಳಾಸವೂ ಅದೇ, ಹೆಸರೂ ಅದೇ. ಒಂದೇ ಜಾಲದಲ್ಲಿ ಒಂದೇ ವಿಳಾಸದ ಎರಡು ಸರ್ವರ್ ಇರಬಾರದು. ಆದ್ದರಿಂದ ಪ್ರತಿಗೆ ೯೯ ಎಂಬ ಟ್ಯಾಗ್ ಹಚ್ಚಿ, ಹೊರಗೆ ದಾರಿಯೇ ಇಲ್ಲದ ಜಾಲದಲ್ಲಿ ಕೂಡಿಹಾಕಿದೆ. ಮೂರು ದಿನ ಪರೀಕ್ಷೆ ನಡೆಯಿತು. ಇನ್ನೊಮ್ಮೆ ಬರುತ್ತೇವೆ, ಹಾಗೇ ಇರಲಿ ಎಂದು ಹೇಳಿ ಅವರು ಹೋದರು. ನಾನೂ ಹಾಗೇ ಬಿಟ್ಟೆ. ತಿಂಗಳ ಕೊನೆಯ ಭಾನುವಾರ ವಿದ್ಯುತ್ ಕೆಲಸಕ್ಕಾಗಿ ಎರಡೂ ಯಂತ್ರಗಳನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದೆವು. ಎಲ್ಲ ಎದ್ದವು. ಪಟ್ಟಿ ನೋಡಿ ಒಂದೊಂದಕ್ಕೂ ಟಿಕ್ ಹಾಕಿ ಮನೆಗೆ ಹೋದೆ.

ನಿಂಗವ್ವ ನನ್ನ ಸರ್ವರ್ ರೂಮಿನ ಬಾಗಿಲಿಗೆ ಬಂದದ್ದು ಸೆಪ್ಟೆಂಬರ್ ಕೊನೆಯ ಒಂದು ಬುಧವಾರ ಮಧ್ಯಾಹ್ನ. ಅಲ್ಲಿಯವರೆಗೆ ಅವಳನ್ನು ಮುಖ ನೋಡಿ ಮಾತ್ರ ಬಲ್ಲೆ. ನಲವತ್ತೈದರ ಆಸುಪಾಸಿನ, ಒಣಕಲು ಮೈಯ, ಚುರುಕು ನಡಿಗೆಯ ಹೆಂಗಸು. ಅವಳು ಬರೀ ನೆಲ ಒರೆಸುವವಳಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಇಂಜೆಕ್ಷನ್ ತುಂಬುವ ಸ್ಟೆರೈಲ್ ರೂಮಿನ ಒಳಗೆ ಹೋಗಲು ಪರವಾನಗಿ ಇದ್ದ ಮೂವರು ಹೆಂಗಸರಲ್ಲಿ ಅವಳೊಬ್ಬಳು. ಆ ಕೋಣೆಯಲ್ಲಿ ಒಂದು ಕೂದಲೂ ಉದುರುವಂತಿಲ್ಲ. ಅಡಿಯಿಂದ ಮುಡಿವರೆಗೆ ವಿಶೇಷ ಗೌನ್ ತೊಡಬೇಕು, ಗೋಡೆಯನ್ನು ಮೇಲಿನಿಂದ ಕೆಳಗೆ ಮಾತ್ರ ಒರೆಸಬೇಕು, ಮಾತಾಡಬಾರದು, ಬೇಗ ಕೈಕಾಲು ಆಡಿಸಬಾರದು. ಕೆಲಸ ಮುಗಿದ ಮೇಲೆ ಕೈಗವಸನ್ನು ಒಂದು ತಟ್ಟೆಗೆ ಒತ್ತಿಸಿ, ಅದರಲ್ಲಿ ಕ್ರಿಮಿ ಬೆಳೆಯುತ್ತದೋ ನೋಡುತ್ತಾರೆ. ಆರು ವಾರದ ತರಬೇತಿಯಲ್ಲಿ ಹದಿನಾಲ್ಕು ಜನ ಕೂತು, ಮೂವರು ಪಾಸಾಗಿದ್ದರು.

ಚಪ್ಪಲಿ ಹೊರಗೆ ಬಿಟ್ಟು, ಬಾಗಿಲ ಚೌಕಟ್ಟಿನಲ್ಲೇ ನಿಂತು ಕೇಳಿದಳು:

"ಸಾಹೇಬ್ರ, ನೀವು ಧಾರವಾಡದವರಂತಲ್ರಿ. ನಾವು ಸಿಂದಗಿ ಕಡೇದವ್ರು."

"ಹೌದವ್ವಾ. ಏನಾತು?"

"ಈ ತಿಂಗಳದಾಗ ನನಗ ಮೂರು ಖಾಡಾ ಹಚ್ಯಾರ್ರಿ."

ಖಾಡಾ ಎಂದರೆ ಕೆಲಸ ತಪ್ಪಿಸಿದ ದಿನ. ಮರಾಠಿಯ ಮಾತು, ಮುಂಬೈಯಲ್ಲಿ ದುಡಿಯುವವರ ಎಲ್ಲ ಭಾಷೆಗಳೊಳಗೂ ಹೊಕ್ಕಿದೆ. ಒಂದು ತಿಂಗಳಲ್ಲಿ ಹೇಳದೆ ಕೇಳದೆ ಮೂರು ಖಾಡಾ ಆದರೆ ಕಾಂಟ್ರಾಕ್ಟರ್ ಹೆಸರು ತೆಗೆಯುತ್ತಾನೆ, ಗೇಟ್ ಪಾಸ್ ಕಿತ್ತುಕೊಳ್ಳುತ್ತಾರೆ. ಅದು ನಿಯಮ.

"ನಾ ಒಂದ ದಿನಾನೂ ತಪ್ಪಿಸಿಲ್ರಿ," ಎಂದಳು. "ಹೆಬ್ಬಟ್ಟ ಒತ್ತೀನಿ, ಮಶೀನ್ ಥ್ಯಾಂಕ್ಯೂ ಅಂದೈತಿ. ಥ್ಯಾಂಕ್ಯೂ ಅಂದ ಮ್ಯಾಲ ಗೈರಹಾಜರಿ ಹೆಂಗ ಆಕ್ಕೈತ್ರಿ?"

"ಯಾವ ಯಾವ ದಿನ?"

"ಒಂದು ಮಂಗಳವಾರ, ಅದರ ಮುಂದಿನ ಸೋಮವಾರ, ಮತ್ತ ಮೊನ್ನಿ ಶುಕ್ರವಾರ. ಮೂರೂ ದಿನ ಹಿಂದಿನ ಗೇಟಿನ ಮಶೀನ. ಏಳು ಹೊಡಿಯಾಕ ಇನ್ನಾ ಎಂಟ ಹತ್ತ ಮಿಂಟ ಇತ್ತರಿ. ಬೇಕಾದ್ರ ಸ್ಟೆರೈಲ್ ರೂಮಿನ ಬುಕ್ ತಗದ ನೋಡ್ರಿ. ಆ ಮೂರೂ ದಿನ ಅದರಾಗ ನನ್ನ ಸಹಿ ಐತಿ. ಒಳಗ ಹೋಗದ ಸಹಿ ಹೆಂಗ ಮಾಡ್ಲಿ?"

ಬುಕ್ಕು ನನ್ನ ಇಲಾಖೆಯದಲ್ಲ ಎಂದೆ. ಆದರೂ ಅವಳ ಸಮಾಧಾನಕ್ಕೆ ಒಂದು ಕೆಲಸ ಮಾಡಿದೆ. ಕಂಪ್ಯೂಟರಿನ ಮುಂದೆ ಕೂತು ನಾಲ್ಕೂ ಹಾಜರಿ ಮಶೀನ್‌ಗಳಿಗೆ, ಹಾಜರಿ ಸರ್ವರಿಗೆ ಪಿಂಗ್ ಕೊಟ್ಟೆ. ಪಿಂಗ್ ಎಂದರೆ ಇದ್ದೀಯಾ ಎಂದು ಕೂಗುವುದು. ಆ ಕಡೆಯ ಯಂತ್ರ ಇದ್ದೇನೆ ಎಂದು ಮರುದನಿ ಕೊಡುತ್ತದೆ. ಐದಕ್ಕೆ ಐದೂ ಉತ್ತರ ಕೊಟ್ಟವು. ಪರದೆಯನ್ನು ಅವಳ ಕಡೆ ತಿರುಗಿಸಿದೆ.

"ನೋಡವ್ವಾ, ಎಲ್ಲಾ ಮಶೀನ್ ಮಾತಾಡ್ಲಿಕ್ಕತ್ತಾವ. ಸರ್ವರ್ರೂ ಸರಿ ಐತಿ. ನೆಟ್‌ವರ್ಕಿನಾಗ ಏನೂ ದೋಷ ಇಲ್ಲ."

ಅವಳು ಪರದೆ ನೋಡಲಿಲ್ಲ. ನನ್ನನ್ನೇ ನೋಡಿದಳು.

"ಹಂಗಾದ್ರ ನಾ ಸುಳ್ಳು ಹೇಳಾಕತ್ತೀನೇನ್ರಿ?"

"ಹಂಗ ನಾ ಅಂದಿಲ್ಲ. ಮಶೀನ್ ಸರಿ ಐತಿ ಅಂತ ಅಂದೆ."

ಇದಕ್ಕೆಲ್ಲ ಐದು ನಿಮಿಷವೂ ಹಿಡಿಯಲಿಲ್ಲ. ಅವಳು ಹೋದ ಮೇಲೆ ಎಚ್‌ಆರ್ ಮ್ಯಾನೇಜರ್ ಸಾವಂತ್ ಮೇಡಂ ಅವರಿಂದ ಫೋನ್ ಬಂತು: ಒಬ್ಬ ಕಾಂಟ್ರಾಕ್ಟ್ ಹೆಂಗಸು ಮಶೀನಿನ ಮೇಲೆ ತಕರಾರು ತೆಗೆದಿದ್ದಾಳೆ, ನೀವು ನೋಡಿದಿರಾ? ನೋಡಿದೆ, ಸರಿ ಇದೆ ಎಂದೆ. ಹಾಗಿದ್ದರೆ ಎರಡು ಸಾಲು ಮೇಲ್ ಹಾಕಿಬಿಡಿ ಎಂದರು. ಹಾಜರಿಯ ಜಾಲವನ್ನು ಪರಿಶೀಲಿಸಲಾಗಿದೆ, ಯಾವ ದೋಷವೂ ಕಂಡುಬಂದಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು, ಹೆಸರು ಹುದ್ದೆ ಸಮೇತ ಕಳಿಸಿದೆ. ನನ್ನ ಆ ಮೇಲ್ ಅನ್ನೇ ಮುದ್ರಿಸಿ ಅವಳ ಕೈಗೆ ಕೊಟ್ಟರಂತೆ. ಸೋಮವಾರ ಬೆಳಿಗ್ಗೆ ನಿಂಗವ್ವನ ಪಾಸು ಹೋಯಿತು. ಕ್ಯಾಂಟೀನಿನಲ್ಲಿ ಯಾರೋ ಹೇಳಿದರು. ಪಾಪ ಅನ್ನಿಸಿತು. ಸಂಜೆ ಮೆಟ್ರೋ ಹಿಡಿಯುವ ಹೊತ್ತಿಗೆ ಅದೂ ಮನಸ್ಸಿನಿಂದ ಹೋಗಿತ್ತು.

ನವೆಂಬರ್ ಎರಡನೆಯ ವಾರ ಎರಡನೆಯ ಯಂತ್ರದಿಂದ ಒಂದು ಎಚ್ಚರಿಕೆ ಬಂತು: ಡಿಸ್ಕ್ ತುಂಬುತ್ತಿದೆ. ಯಾವ ವರ್ಚುವಲ್ ಮಶೀನು ಜಾಗ ತಿನ್ನುತ್ತಿದೆ ಎಂದು ನೋಡುತ್ತ ಹೋದಾಗ ಪಟ್ಟಿಯಲ್ಲಿ ಆಗಸ್ಟ್‌ನ ಆ ಸರ್ವರ್ ಪ್ರತಿ ಕಂಡಿತು. ಡಿಸ್ಕ್ ತುಂಬಿಸುತ್ತಿದ್ದದ್ದು ಅದರ ಪಕ್ಕದ ಬೇರೊಂದು. ಆದರೆ ಪ್ರತಿಯ ಗಾತ್ರವೂ ಸ್ವಲ್ಪ ಬೆಳೆದಿತ್ತು. ಆಗಸ್ಟ್‌ನಲ್ಲೇ ಕೆಲಸ ಮುಗಿದು, ಹೊರಗೆ ದಾರಿಯಿಲ್ಲದೆ ಕೂತ ಮಶೀನು ಬೆಳೆಯಬಾರದು. ಒಳಗೆ ಹೊಕ್ಕು ಕೊನೆಯ ದಾಖಲೆ ಯಾವುದೆಂದು ಕೇಳಿದೆ. ಆ ದಿನದ್ದೇ ಬಂತು. ಬೆಳಿಗ್ಗೆ ಆರು ಗಂಟೆ ನಲವತ್ತೇಳು ನಿಮಿಷ, ಹಿಂದಿನ ಗೇಟು.

ನಿಂಗವ್ವನ ಹಾಜರಿ ಸಂಖ್ಯೆಯನ್ನು ಹುಡುಕಿ ಹಾಕಿದೆ. ಮಂಗಳವಾರ: ಆರು ಐವತ್ತೆರಡಕ್ಕೆ ಒಳಗೆ, ಮೂರು ಮೂವತ್ತನಾಲ್ಕಕ್ಕೆ ಹೊರಗೆ. ಮುಂದಿನ ಸೋಮವಾರ: ಆರು ಐವತ್ತು. ಶುಕ್ರವಾರ: ಆರು ಐವತ್ತೊಂದು. ಅವಳು ಬಾಗಿಲಲ್ಲಿ ನಿಂತು ಹೇಳಿದ ಎಂಟು ಹತ್ತು ನಿಮಿಷ ಒಂದಿಷ್ಟೂ ಹೆಚ್ಚು ಕಡಿಮೆ ಇರಲಿಲ್ಲ.

ಏನಾಗಿತ್ತು ಎಂಬುದನ್ನು ಪತ್ತೆಮಾಡಲು ಒಂದು ಗಂಟೆ ಸಾಕಾಯಿತು. ಸಾಫ್ಟ್‌ವೇರ್ ಸ್ವಿಚ್ಚಿನಲ್ಲಿ ಆ ಪ್ರತಿ ಸೇರಿಕೊಂಡಿದ್ದ ಪೋರ್ಟ್ ಎಂಬ ಕಿಂಡಿಯನ್ನು ತೆಗೆದು ನೋಡಿದರೆ ಟ್ಯಾಗಿನ ಜಾಗ ಖಾಲಿ. ೯೯ ಎಂಬ ಗುರುತನ್ನು ಆಗಸ್ಟ್‌ನಲ್ಲಿ ನಾನು ಚಾಲೂ ಇದ್ದ ಪೋರ್ಟಿಗೆ ಕಮಾಂಡ್ ಮೂಲಕ ಕೊಟ್ಟಿದ್ದೆ. ಆ ವರ್ಚುವಲ್ ಮಶೀನಿನ ಸ್ವಂತ ಕಡತದಲ್ಲಿ ಬರೆದಿರಲಿಲ್ಲ. ಭಾನುವಾರ ಅದು ನಿಂತು ಮತ್ತೆ ಎದ್ದಾಗ ಪೋರ್ಟ್ ಹೊಸದಾಗಿ ಹುಟ್ಟಿತು, ಗುರುತು ಹೋಯಿತು. ಹಾಗೆ ಗುರುತಿಲ್ಲದ ಪೋರ್ಟಿನಿಂದ ಹೊರಟದ್ದು ಎಲ್ಲಿಗೆ ಹೋಗುತ್ತದೆ? ಆಚೆ ತುದಿಯ ಕಬ್ಬಿಣದ ಸ್ವಿಚ್, ಗುರುತಿಲ್ಲದೆ ಬಂದದ್ದನ್ನೆಲ್ಲ ತನಗೆ ಮೊದಲೇ ಹೇಳಿಟ್ಟ ಒಂದು ಜಾಲಕ್ಕೆ ಸೇರಿಸುತ್ತದೆ. ಅದನ್ನು ನೇಟಿವ್ ವಿಲ್ಯಾನ್ ಎನ್ನುತ್ತಾರೆ. ಅಲ್ಲಿ ಅದು ೩೦ ಎಂದಿತ್ತು. ಹಳೆಯ ಕಾಲದಲ್ಲಿ ಹಾಜರಿಯ ಸರ್ವರ್ ಆ ತೂತಿಗೇ ಜೋಡಿಸಿಕೊಂಡಿತ್ತು. ಸರ್ವರ್ ತೆಗೆದ ಮೇಲೆ ಆ ಸಂಖ್ಯೆಯನ್ನು ಅಳಿಸಬೇಕಾಗಿತ್ತು. ಅಳಿಸಬೇಕಾಗಿದ್ದವನೂ ನಾನೇ.

ಹೀಗೆ ಒಂದೇ ಜಾಲದಲ್ಲಿ ಒಂದೇ ವಿಳಾಸದ ಎರಡು ಹಾಜರಿ ಸರ್ವರ್‌ಗಳಾದವು. ಹೆಬ್ಬೆಟ್ಟಿನ ಮಶೀನು ಆಗಾಗ ಈ ವಿಳಾಸದವರು ಯಾರು ಎಂದು ಜಾಲದಲ್ಲಿ ಕೂಗಿ ಕೇಳುತ್ತದೆ. ಇಬ್ಬರೂ ನಾನೇ ಎನ್ನುತ್ತಿದ್ದರು. ಯಾರ ಮಾತು ನಿಂತಿತೋ ಅವರಿಗೆ ಕಳಿಸುತ್ತಿತ್ತು. ಹಿಂದಿನ ಗೇಟಿನ ಕೇಬಲ್ಲೂ ಆ ಪ್ರತಿ ಇದ್ದ ಯಂತ್ರದ ಕೇಬಲ್ಲೂ ಒಂದೇ ಸ್ವಿಚ್ಚಿಗೆ ಬರುತ್ತಿದ್ದುದರಿಂದ ಆ ಗೇಟಿನ ದಾಖಲೆಗಳು ಕೆಲವು ದಿನ ಅಸಲಿಗೆ, ಕೆಲವು ದಿನ ಪ್ರತಿಗೆ ಹೋಗುತ್ತಿದ್ದವು. ಪ್ರತಿಯೂ ಮುಟ್ಟಿತು ಎಂದೇ ಉತ್ತರ ಕೊಡುತ್ತಿತ್ತು. ಮಶೀನು ಅಳಿಸುತ್ತಿತ್ತು. ಆ ಬುಧವಾರ ನನ್ನ ಪಿಂಗಿಗೆ ಉತ್ತರಿಸಿದ ಸರ್ವರು ಎರಡರಲ್ಲಿ ಯಾವುದು ಎಂದು ನಾನು ನೋಡಿರಲಿಲ್ಲ. ಇನ್ನೊಂದು ಕಮಾಂಡ್ ಹೊಡೆದು ನೋಡಿದ್ದರೆ, ಅದೂ ಹಿಂದಿನ ಗೇಟಿನ ಕಡೆಯಿಂದ ನೋಡಿದ್ದರೆ, ಅಂದೇ ತಿಳಿಯುತ್ತಿತ್ತು.

ಪ್ರತಿಯಲ್ಲಿದ್ದ ದಾಖಲೆಗಳನ್ನೆಲ್ಲ ಮೊದಲು ನಕಲು ತೆಗೆದುಕೊಂಡೆ. ಆಮೇಲೆ ಆ ಪ್ರತಿಯನ್ನು ನಿಲ್ಲಿಸಿದೆ, ನೇಟಿವ್ ಸಂಖ್ಯೆಯನ್ನು ತೆಗೆದೆ. ದುರಸ್ತಿಗೆ ಎರಡು ಸಾಲು, ಅರ್ಧ ನಿಮಿಷ. ಬಳಿಕ ಲೆಕ್ಕ ಹಾಕಿದೆ. ಹತ್ತು ವಾರಗಳಲ್ಲಿ ಇಪ್ಪತ್ತಮೂರು ಜನರಿಗೆ ಒಟ್ಟು ಎಪ್ಪತ್ತೊಂದು ದಿನ ಸುಳ್ಳು ಗೈರುಹಾಜರಿ ಬಿದ್ದಿತ್ತು. ಇಪ್ಪತ್ತಮೂರೂ ಜನ ಹಿಂದಿನ ಗೇಟಿನವರು. ಮುಂದಿನ ಗೇಟಿನಲ್ಲಿ ಒಬ್ಬ ಅಧಿಕಾರಿಗೆ ಒಂದು ದಿನ ಹೀಗಾಗಿದ್ದರೆ ಹತ್ತು ನಿಮಿಷದಲ್ಲಿ ನನ್ನ ಫೋನ್ ಬಡಿದುಕೊಳ್ಳುತ್ತಿತ್ತು. ಹಿಂದಿನ ಗೇಟಿನವರು ಕೇಳಿದ್ದು ತಮ್ಮ ಮೇಸ್ತ್ರಿಯನ್ನು, ಕಾಂಟ್ರಾಕ್ಟರನ ಮುಕಾದಮನನ್ನು. ಅವನು ಮಶೀನ್ ಹೇಳಿದ್ದೇ ಖರೆ ಎಂದು ಬಾಯಿ ಮುಚ್ಚಿಸಿದ್ದ. ಅದನ್ನು ಮೀರಿ ಮೇಲಿನವರೆಗೆ ಬಂದವಳು ನಿಂಗವ್ವ ಒಬ್ಬಳೇ.

ಮರುದಿನ ನಾಲ್ಕು ಪುಟದ ವರದಿ ಬರೆದು ಸಾವಂತ್ ಮೇಡಂ ಅವರ ಮುಂದಿಟ್ಟೆ. ಅದರಲ್ಲಿ ನನ್ನ ಎರಡು ತಪ್ಪುಗಳನ್ನೂ ಆ ಮೇಲ್ ವಿಷಯವನ್ನೂ ಬರೆದಿದ್ದೆ. ಅವರು ನಿಧಾನವಾಗಿ ಓದಿ ಮೊದಲು ಕೇಳಿದ ಪ್ರಶ್ನೆ, "ಇದು ಇನ್ನು ಯಾರಿಗೆ ಗೊತ್ತು?"

ಯಾರಿಗೂ ಇಲ್ಲ ಎಂದೆ. ಆ ಹೆಂಗಸನ್ನು ವಾಪಸ್ ಕರೆಸಬೇಕು ಎಂದೂ ಹೇಳಿದೆ.

"ಅಂಗಡೀಜಿ, ಆಕೆ ನಮ್ಮ ನೌಕರಳೇ ಅಲ್ಲ. ಕಾಂಟ್ರಾಕ್ಟರನ ಆಳು. ಅವನು ತೆಗೆದ, ನಾವಲ್ಲ."

"ಅವನು ತೆಗೆದದ್ದು ನಮ್ಮ ಹಾಜರಿ ನೋಡಿ, ಮೇಡಂ. ನನ್ನ ಮೇಲ್ ನೋಡಿ."

ಅವರು ವರದಿಯನ್ನು ಮಡಚಿ ಡ್ರಾಯರಿನಲ್ಲಿ ಇಟ್ಟರು. ಆಗ ನನಗೆ ನಿಂಗವ್ವ ಹೇಳಿದ ಬುಕ್ಕು ನೆನಪಾಯಿತು. ಔಷಧ ಕಾರ್ಖಾನೆಯಲ್ಲಿ ಸ್ಟೆರೈಲ್ ರೂಮಿನ ಶುಚಿಯ ಬುಕ್ಕೆಂದರೆ ಸಣ್ಣ ವಿಷಯವಲ್ಲ. ಯಾರು ಯಾವ ಹೊತ್ತಿಗೆ ತೊಳೆದರು ಎಂಬ ಸಹಿ ಇಲ್ಲದಿದ್ದರೆ ಆ ದಿನ ತುಂಬಿದ ಬಾಟಲಿ ಹೊರಗೆ ಹೋಗುವಂತಿಲ್ಲ. ತಪಾಸಣೆಗೆ ಬಂದವರು ಮೊದಲು ಕೇಳುವುದೇ ಅದನ್ನು. ಆ ಬುಕ್ಕಿನ ಒಡೆಯ ಗುಣಮಟ್ಟ ವಿಭಾಗದ ಮುಖ್ಯಸ್ಥ ಕಾರ್ಣಿಕ್. ಡಿಸೆಂಬರಿನಲ್ಲಿ ತಪಾಸಣೆ ಇತ್ತು. ಅವರ ಬಳಿ ಹೋದೆ. ಬುಕ್ಕು ತರಿಸಿ ಮೂರು ಪುಟ ತೆಗೆದೆವು. ಮೂರರಲ್ಲೂ ಕನ್ನಡದಲ್ಲಿ ದುಂಡಗೆ ನಿಂಗವ್ವ ಎಂಬ ಸಹಿ.

"ಸರ್, ಈ ದಿನ ಅವಳು ಗೈರುಹಾಜರಿ ಎಂದು ನಮ್ಮ ಸರ್ವರ್ ಹೇಳುತ್ತದೆ," ಎಂದೆ. "ಹಾಗಿದ್ದರೆ ಈ ಸಹಿ ಯಾರದು? ಕೋಣೆ ತೊಳೆದವರು ಯಾರು?"

ಕಾರ್ಣಿಕ್ ಎದ್ದು ಹೋಗಿ ಬಾಗಿಲು ಮುಚ್ಚಿಕೊಂಡು ಬಂದರು. ಅವರಿಗೆ ತಕ್ಷಣ ಅರ್ಥವಾಗಿತ್ತು. ಅವಳು ಬಂದಿಲ್ಲ ಎಂದರೆ ಬುಕ್ಕು ಸುಳ್ಳು, ಮೂರು ದಿನದ ಮಾಲು ಪ್ರಶ್ನೆಗೆ ಬೀಳುತ್ತದೆ. ಬಂದಿದ್ದಳು ಎಂದರೆ ಹಾಜರಿ ಸುಳ್ಳು. ಕಂಪನಿಗೆ ಬುಕ್ಕು ಉಳಿಯಲೇಬೇಕು. ಆದ್ದರಿಂದ ಅವಳು ಬಂದಿದ್ದಳು ಎಂದು ಕಂಪನಿಯೇ ಒಪ್ಪಬೇಕು. ಅಂದ ಮೇಲೆ ಅವಳ ಪಾಸು ತಾನಾಗಿ ವಾಪಸ್ ಬರುತ್ತದೆ. ನಾನು ಹಾಗೆ ಎಣಿಸಿದ್ದೆ. ನನ್ನ ಜಾಣತನದ ಬಗ್ಗೆ ಒಂದಿಷ್ಟು ಹೆಮ್ಮೆಯೂ ಆಗಿತ್ತು.

ಮೂರನೆಯ ದಿನ ಸಾವಂತ್ ಮೇಡಂ, ಕಾರ್ಣಿಕ್ ಇಬ್ಬರೂ ಸೇರಿ ನನ್ನನ್ನು ಕರೆದರು. ಎಪ್ಪತ್ತೊಂದು ದಿನಗಳ ಹಾಜರಿಯನ್ನೂ ತಾಂತ್ರಿಕ ಕಾರಣದಿಂದ ಒಟ್ಟಿಗೆ ತಿದ್ದಿ ಹಾಜರು ಎಂದು ಮಾಡಲಾಗುತ್ತದೆ ಎಂದರು. ಬುಕ್ಕು ಸುರಕ್ಷಿತ. ನಿಂಗವ್ವನ ಮೂರು ದಿನವೂ ಹಾಜರು.

"ಹಾಗಾದರೆ ಅವಳನ್ನು ತೆಗೆದ ಕಾರಣ?" ಎಂದು ಕೇಳಿದೆ.

ಸಾವಂತ್ ಮೇಡಂ ಕಾಂಟ್ರಾಕ್ಟರನಿಂದ ಬಂದ ಹಾಳೆಯನ್ನು ನನ್ನ ಕಡೆ ಸರಿಸಿದರು. ಅದರಲ್ಲಿ ಕಾರಣದ ಅಂಕಣ ಬದಲಾಗಿತ್ತು. ತಾನಾಗಿ ಕೆಲಸ ಬಿಟ್ಟು ಹೋದಳು ಎಂದು ಇತ್ತು. ಅವಳು ಗೈರಾಗಿರಲಿಲ್ಲವಲ್ಲ, ಆದ್ದರಿಂದ ಅವಳನ್ನು ತೆಗೆಯುವ ಪ್ರಶ್ನೆಯೂ ಬರಲಿಲ್ಲ. ಬರುವುದನ್ನು ನಿಲ್ಲಿಸಿದಳು, ಅಷ್ಟೆ. ಅವಳ ಜಾಗಕ್ಕೆ ಅಕ್ಟೋಬರಿನಲ್ಲೇ ಇನ್ನೊಬ್ಬಳಿಗೆ ತರಬೇತಿ ಶುರುವಾಗಿತ್ತು.

ನನ್ನ ನಾಲ್ಕು ಪುಟದ ವರದಿಯ ಬದಲು ಒಂದೇ ಸಾಲನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕೆಂದರು: ಹಾಜರಿ ಮಶೀನ್ ಹೊಂದಾಣಿಕೆಯ ದೋಷ, ಸರಿಪಡಿಸಲಾಗಿದೆ.

"ಇದರಲ್ಲಿ ನಿಮ್ಮ ತಪ್ಪೂ ಬರುವುದಿಲ್ಲ," ಎಂದರು ಸಾವಂತ್ ಮೇಡಂ. "ರಿಟೈರ್ಮೆಂಟ್ ಹತ್ತಿರ ಇದೆ. ಯೇ ಬಾತ್ ಯಹೀಂ ರಹನೇ ದೋ."

ವಿಷಯ ಇಲ್ಲಿಗೇ ಇರಲಿ ಎಂಬ ಆ ಮಾತು ನನಗೆ ಹಿತವಾಗಿ ಕೇಳಿಸಿತು. ಇದನ್ನು ಮುಚ್ಚಿಟ್ಟು ಬೇರೆಯದನ್ನೆಲ್ಲ ಬರೆದರೆ ಈ ಬರಹಕ್ಕೆ ಅರ್ಥವಿಲ್ಲ. ಟ್ಯಾಗ್ ಮರೆತವನು, ಹಳೆಯ ಸಂಖ್ಯೆಯನ್ನು ಅಳಿಸದೆ ಬಿಟ್ಟವನು, ಸುಳ್ಳು ಪ್ರಮಾಣಪತ್ರ ಬರೆದವನು ಎಂದು ಮೂರು ಕಡೆ ನನ್ನ ಹೆಸರು ಬರಬೇಕಿತ್ತು. ಒಂದೂ ಕಡೆ ಬರುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಸಹಿ ಹಾಕಿದೆ.

ಸಹಿ ಹಾಕಿದ ಮೇಲೆ ಮನಸ್ಸಿಗೆ ಸಮಾಧಾನವಿರಲಿಲ್ಲ. ಮುಕಾದಮನನ್ನು ಹಿಡಿದು ನಿಂಗವ್ವನಿಗೆ ಬೇರೆ ಕಡೆಯಾದರೂ ಕೆಲಸ ಕೊಡಿಸು ಎಂದೆ. "ಸಾಹೇಬ್, ಬಹುತ್ ಬೋಲ್ತೀ ಹೈ ವೋ," ಎಂದು ನಕ್ಕ. ಹೆಚ್ಚು ಮಾತಾಡುವವಳು ಎಂಬುದೇ ಅವಳ ಮೇಲಿದ್ದ ದೂರು. ವಿಳಾಸ, ಫೋನ್ ನಂಬರ್ ಮಾತ್ರ ಕೊಟ್ಟ.

ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ ಭಾಂಡುಪ್‌ಗೆ ಹೋದೆ. ಸ್ಟೇಷನ್ನಿನ ಪಶ್ಚಿಮಕ್ಕೆ ಗುಡ್ಡದ ಕಡೆ ರಿಕ್ಷಾ ಹೋಗುವಷ್ಟು ದೂರ ಹೋಗಿ, ಅಲ್ಲಿಂದ ಮೆಟ್ಟಿಲು ಹತ್ತಬೇಕು. ಸಿಂದಗಿ, ಇಂಡಿ ಕಡೆಯ ಜನ ತುಂಬಿದ ಸಾಲುಮನೆಗಳ ಚಾಳು ಅದು. ಒಂದು ನಳದ ಹತ್ತಿರ ಕೇಳಿದ್ದಕ್ಕೆ ಮೂವರು ಏಕಕಾಲಕ್ಕೆ ಕೈ ತೋರಿಸಿದರು. ಅವಳು ಮದುವೆ ಹಾಲ್ ಒಂದರ ಅಡುಗೆಮನೆಯಲ್ಲಿ ಪಾತ್ರೆ ತೊಳೆದು ಆಗಷ್ಟೇ ಬಂದಿದ್ದಳು. ನನ್ನನ್ನು ಕಂಡು ಆಶ್ಚರ್ಯಪಟ್ಟಳೇ ಹೊರತು ಸಿಟ್ಟು ತೋರಲಿಲ್ಲ. ಪ್ಲಾಸ್ಟಿಕ್ ಕುರ್ಚಿ ಒರೆಸಿ ಹಾಕಿದಳು, ನೀರು ಕೊಟ್ಟಳು. ಸೋಪಿನ ಪುಡಿಗೆ ಅವಳ ಬೆರಳ ಸಂದುಗಳು ಬಿರಿದಿದ್ದವು. ಸ್ಟೆರೈಲ್ ರೂಮಿಗೆ ಹೋಗುವವರ ಕೈ ಹೀಗಿದ್ದರೆ ಒಳಗೆ ಬಿಡುವುದಿಲ್ಲ.

ನಾನು ಎಲ್ಲವನ್ನೂ ಹೇಳಿದೆ. ಎರಡು ಸರ್ವರ್ ಆದದ್ದು, ತಪ್ಪು ನನ್ನದೇ ಎಂಬುದು, ಹಾಜರಿಯನ್ನು ತಿದ್ದಿದ್ದು, ತಾನಾಗಿ ಬಿಟ್ಟಳು ಎಂದು ಬರೆದದ್ದು. ಅವಳ ಮೂರು ದಿನದ ದಾಖಲೆಯ ಮುದ್ರಿತ ಹಾಳೆಯನ್ನು ಕೊಟ್ಟೆ. ಅವಳಿಗೆ ಅಂಕಿ ಓದಲು ಬರುತ್ತಿತ್ತು. ಬೆರಳಿಟ್ಟು ಓದಿದಳು.

"ಆರು ಐವತ್ತೆರಡು. ಹೂಂ. ಖರೇನ ಐತ್ರಿ. ನನಗ ಮೊದಲ ಗೊತ್ತಿತ್ತು. ನಿಮಗ ಈಗ ಗೊತ್ತಾತು."

ಹಾಳೆಯಿಂದ ತಲೆಯೆತ್ತಿ ಕೇಳಿದಳು: "ಇದನ್ನ ಒಯ್ದು ಯಾರಿಗೆ ತೋರಸ್ಲಿ?"

ಕಾರ್ಮಿಕರ ಕಚೇರಿಗೆ ದೂರು ಕೊಡಬಹುದು ಎಂದೆ.

"ನೀವು ಬಂದು ಹೇಳ್ತೀರೇನ್ರಿ? ತಪ್ಪು ನನ್ನದು ಅಂತ?"

ನಾನು ತಕ್ಷಣ ಹೂಂ ಅನ್ನಲಿಲ್ಲ. ಎಷ್ಟು ಹೊತ್ತು ಸುಮ್ಮನಿದ್ದೆನೋ ತಿಳಿಯದು, ಅವಳಿಗೆ ಅರ್ಥವಾಗುವಷ್ಟು ಹೊತ್ತು ಆಗಿತ್ತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ವಾಪಸ್ ಕೊಟ್ಟಳು.

"ಬ್ಯಾಡ ಬಿಡ್ರಿ. ನಿಮಗೊಂದು ಮಾತ ಹೇಳ್ಲಿ? ಆವತ್ತ ನಾ ನಿಮ್ಮ ಕಡೆ ಮಶೀನ್ ರಿಪೇರಿ ಮಾಡ್ರಿ ಅಂತ ಬಂದಿದ್ದಿಲ್ಲ. ಮಶೀನಿಂದು ನನಗೇನ ತಿಳೀತೈತಿ? ಆ ಮೇಡಂಗ ಕನ್ನಡ ಬರೂದಿಲ್ಲ, ನನಗ ಹಿಂದಿ ಸಿಟ್ಟಿನ್ಯಾಗ ಬಾಯಿಗೆ ಬರೂದಿಲ್ಲ. ನೀವು ನಮ್ಮ ಕಡೆಯವರು, ನನ್ನ ಮಾತು ಅವರಿಗೆ ತಿಳಿಯೂಹಂಗ ಹೇಳ್ತೀರಿ, ಆ ಬುಕ್ ತಗಸ್ತೀರಿ ಅಂತ ಬಂದಿದ್ದೆ. ನೀವು ಮಶೀನಿನ ಮಾತು ನನಗ ಹೇಳಿ ಕಳಿಸಿದ್ರಿ."

ಚಹಾ ಮಾಡುತ್ತೇನೆ ಎಂದಳು. ಬೇಡ ಎಂದು ಎದ್ದೆ. ಮೆಟ್ಟಿಲಿಳಿಯುವವರೆಗೂ ಯಾರೂ ಹಿಂದಿನಿಂದ ಕರೆಯಲಿಲ್ಲ.

೨೦೨೪ರ ಆರಂಭದಲ್ಲಿ ನಿವೃತ್ತನಾದೆ. ಕಂಪನಿಯವರು ಶಾಲು ಹೊದಿಸಿ, ಮೂವತ್ತು ವರ್ಷದಲ್ಲಿ ಒಂದು ಕಪ್ಪುಚುಕ್ಕೆ ಇಲ್ಲದ ಸೇವೆ ಎಂದು ಹೊಗಳಿದರು. ಮರುವಾರ ನಿಂಗವ್ವನಿಗೆ ಫೋನ್ ಮಾಡಿ, ಈಗ ನಾನು ಎಲ್ಲಿಗೆ ಬೇಕಾದರೂ ಬಂದು ಹೇಳಬಲ್ಲೆ ಎಂದೆ. "ಈಗ ಯಾಕ್ರಿ?" ಎಂದಳು. ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ಕೆಲಸದಾಗ ಅದೀನಿ ಎಂದು ಫೋನ್ ಇಟ್ಟಳು.

ಈಗ ವಾರಕ್ಕೆ ಎರಡು ದಿನ ಘಾಟ್ಕೋಪರ್‌ನ ಒಂದು ತರಬೇತಿ ಕೇಂದ್ರದಲ್ಲಿ ನೆಟ್‌ವರ್ಕಿಂಗ್ ಕಲಿಸುತ್ತೇನೆ. ವಿಲ್ಯಾನ್ ಪಾಠ ಬಂದಾಗ ಹೆಸರುಗಳನ್ನು ಬಿಟ್ಟು ಈ ಕೇಸನ್ನು ಹೇಳುತ್ತೇನೆ. ದೋಷ ಎಲ್ಲಿತ್ತು ಎಂದು ಕೇಳಿದರೆ ಹುಡುಗ ಹುಡುಗಿಯರು ಬೇಗ ಹೇಳುತ್ತಾರೆ: ಪೋರ್ಟಿನಲ್ಲಿ ಟ್ಯಾಗ್ ಉಳಿದಿರಲಿಲ್ಲ, ಆಚೆ ನೇಟಿವ್ ವಿಲ್ಯಾನ್ ತಪ್ಪಿತ್ತು. ಸರಿ ಎನ್ನುತ್ತೇನೆ. ದೋಷ ಮೊದಲು ಗೊತ್ತಾದದ್ದು ಯಾವಾಗ ಎಂದು ಕೇಳುತ್ತೇನೆ. ನವೆಂಬರಿನಲ್ಲಿ, ಡಿಸ್ಕ್ ಎಚ್ಚರಿಕೆ ಬಂದಾಗ ಎನ್ನುತ್ತಾರೆ. ಅದು ತಪ್ಪು ಉತ್ತರ. ಸೆಪ್ಟೆಂಬರಿನಲ್ಲೇ ಒಬ್ಬ ಹೆಂಗಸು ಬಾಗಿಲಿಗೆ ಬಂದು ಯಾವ ಮಶೀನು, ಯಾವ ದಿನ, ಎಷ್ಟು ಹೊತ್ತಿಗೆ, ಸಾಕ್ಷಿ ಎಲ್ಲಿದೆ ಎಂದು ಸ್ಪಷ್ಟವಾಗಿ ಹೇಳಿದ್ದಳು. ನನ್ನ ಇಡೀ ವೃತ್ತಿಯಲ್ಲಿ ಯಾವ ಎಂಜಿನಿಯರೂ ಅಷ್ಟು ಕರಾರುವಾಕ್ಕಾದ ದೂರನ್ನು ನನಗೆ ತಂದುಕೊಟ್ಟಿಲ್ಲ. ಯಂತ್ರವನ್ನು ಪರೀಕ್ಷಿಸುವುದು ನನಗೆ ಗೊತ್ತಿತ್ತು. ಮನುಷ್ಯರ ಮಾತನ್ನೂ ಅಷ್ಟೇ ಶ್ರದ್ಧೆಯಿಂದ ಪರೀಕ್ಷಿಸಬೇಕು, ಸುಳ್ಳೆಂದು ಗೊತ್ತಾಗುವವರೆಗೆ ನಿಜವೆಂದೇ ಹಿಡಿದು ಹುಡುಕಬೇಕು ಎಂಬುದನ್ನು ಕಲಿಯುವ ಹೊತ್ತಿಗೆ ನನ್ನ ಕೆಲಸ ಮುಗಿಯುತ್ತ ಬಂದಿತ್ತು, ಅವಳದು ಹೋಗಿತ್ತು.